‘ನೀವೀಗ ಮೊದಲಿನ ಹಾಗೆ ಬರೆಯುವುದಿಲ್ಲವಲ್ಲ, ಏಕೆ?’

ಈ ಪ್ರಶ್ನೆಯನ್ನು ಕೇಳುವವರು ಬಹಳ ಅಕ್ಕರೆಯಿಂದಲೇ ಕೇಳುತ್ತಾರೆ. ಹುಷಾರಿಲ್ಲದವರನ್ನು ವಿಚಾರಿಸಿಕೊಳ್ಳುವಾಗಿನ ದನಿಯಲ್ಲಿ, ತಲೆಯನ್ನು ಸ್ವಲ್ಪ ವಾಲಿಸಿ ಕೇಳುತ್ತಾರೆ. ಇಷ್ಟು ಕಾಲ ನಾನೂ ನಕ್ಕು, ‘ವಯಸ್ಸಾಯಿತಲ್ಲ’ ಎಂದೇನೋ ಹೇಳಿ ಜಾರಿಕೊಳ್ಳುತ್ತಿದ್ದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಈ ಬರಹವನ್ನೇ ಕಳಿಸುವುದೆಂದು ತೀರ್ಮಾನಿಸಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗಾಗಿ ಉತ್ತರವನ್ನು ಇಲ್ಲೇ ಹೇಳಿಬಿಡುತ್ತೇನೆ: ಮೊದಲಿನ ಹಾಗೆ ಬರೆಯುವುದು ನನಗೆ ಈಗಲೂ ಬಹಳ ಸುಲಭ. ಆದ್ದರಿಂದಲೇ ಬರೆಯುವುದಿಲ್ಲ.

ಪ್ರಶ್ನೆಗೆ ಹಲವು ರೂಪಗಳಿವೆ. ‘ಆ ಕಿಚ್ಚು ಎಲ್ಲಿ ಹೋಯಿತು?’ ಎಂಬುದು ಒಂದು. ‘ಈಗ ಸೆಟ್ಲ್ ಆಗಿಬಿಟ್ಟಿರಿ ನೋಡಿ, ಅದಕ್ಕೇ’ ಎಂಬುದು ಇನ್ನೊಂದು. ಇದು ಪ್ರಶ್ನೆಯೇ ಅಲ್ಲ, ವಿಚಾರಣೆಯಿಲ್ಲದೆ ಕೊಟ್ಟ ತೀರ್ಪು. ಸ್ವಲ್ಪ ಓದಿಕೊಂಡವರು ‘ಬರವಣಿಗೆಯನ್ನೂ ವೈಯಕ್ತಿಕ ಬೆಳವಣಿಗೆಯನ್ನೂ ಹೇಗೆ ಬ್ಯಾಲೆನ್ಸ್ ಮಾಡುತ್ತೀರಿ?’ ಎನ್ನುತ್ತಾರೆ. ರೂಪ ಯಾವುದಾದರೂ ಒಳಗಿನ ನಂಬಿಕೆ ಒಂದೇ: ಕವಿಗೆ ನೋವೇ ಬಂಡವಾಳ, ಮನಸ್ಸು ತಿಳಿಯಾದ ದಿನ ಅಂಗಡಿ ಮುಚ್ಚಬೇಕು. ಈ ನಂಬಿಕೆಗೆ ದೊಡ್ಡವರ ಸಾಕ್ಷಿಯೂ ಇದೆ. 1912ರಲ್ಲಿ ಜರ್ಮನ್ ಭಾಷೆಯ ಕವಿ ರಿಲ್ಕೆ ಮನೋವಿಶ್ಲೇಷಣೆಯ ಚಿಕಿತ್ಸೆಗೆ ಒಳಗಾಗುವ ಯೋಚನೆ ಮಾಡಿ ಕೈಬಿಟ್ಟ. ಒಳಗಿನ ದೆವ್ವಗಳನ್ನು ಓಡಿಸಲು ಹೋದರೆ ದೇವದೂತರೂ ಹೊರಟುಹೋದಾರೆಂಬ ಭಯ ಅವನದು. ಈ ಕಥೆಯನ್ನು ಹೇಳುವವರು ಮುಂದಿನದನ್ನು ಮಾತ್ರ ಹೇಳುವುದಿಲ್ಲ. ಆ ವರ್ಷ ಅವನು ಆರಂಭಿಸಿದ ಶೋಕಗೀತೆಗಳು ಮುಗಿದದ್ದು 1922ರಲ್ಲಿ. ದೆವ್ವಗಳನ್ನು ಜೋಪಾನವಾಗಿ ಇಟ್ಟುಕೊಂಡದ್ದರಿಂದ ಕೆಲಸವೇನೂ ಬೇಗ ಆಗಲಿಲ್ಲ.

ಒಂದು ಕವಿಗೋಷ್ಠಿಯ ಪ್ರಸಂಗವನ್ನು ಹೇಳಲೇಬೇಕು. ನನ್ನ ಸರದಿ ಮುಗಿದಾಗ ಸಭೆಯ ನಡುವಿನಿಂದ ಒಬ್ಬ ಹುಡುಗ ಎದ್ದು ನಿಂತು, ನಾನು ಇಪ್ಪತ್ತರ ಹರೆಯದಲ್ಲಿ ಅಪ್ಪನ ಮೇಲಿನ ಸಿಟ್ಟಿನಿಂದ ಬರೆದ ಕವಿತೆಯೊಂದನ್ನು ಓದಬೇಕೆಂದು ಕೇಳಿದ. ಅದನ್ನು ಈಗ ಓದುವುದಿಲ್ಲ ಎಂದೆ. ‘ಏಕೆ ಮೇಡಂ, ಅಪ್ಪನ ಜೊತೆ ರಾಜಿ ಆಯಿತಾ?’ ಎಂದ. ಸಭೆ ನಕ್ಕಿತು. ನಾನೂ ನಗಬೇಕಾಯಿತು, ಏಕೆಂದರೆ ವೇದಿಕೆಯ ಮೇಲಿರುವವರಿಗೆ ಬೇರೆ ದಾರಿ ಇರುವುದಿಲ್ಲ. ಅಷ್ಟಕ್ಕೇ ಬಿಡದೆ ಅವನು ನಿಂತಲ್ಲಿಂದಲೇ ಆ ಕವಿತೆಯನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಹೇಳಿದ. ‘ನೀನು ಬಾಗಿಲು ಹಾಕಿಕೊಂಡ ಸದ್ದಿನಲ್ಲಿ ನಾನು ಮಾತು ಕಲಿತೆ’ ಎಂಬ ಸಾಲಿಗೆ ಬಂದಾಗ ಅವನ ದನಿ ಏರಲಿಲ್ಲ, ಇಳಿಯಿತು. ನಾನು ಎಂದೂ ಅಷ್ಟು ಚೆನ್ನಾಗಿ ಓದಿರಲಿಲ್ಲ. ಚಪ್ಪಾಳೆ ನಿಂತ ಮೇಲೆ, ‘ಇದು ಕವಿತೆ, ಮೇಡಂ’ ಎಂದು ಹೇಳಿ ಕುಳಿತುಕೊಂಡ. ನಿರೂಪಕರು ಗಾಬರಿಯಲ್ಲಿ ಮುಂದಿನ ಕವಿಯ ಹೆಸರನ್ನು ತಪ್ಪಾಗಿ ಕರೆದರು.

ರಾಜಿಯ ಮಾತು ಇಂದಿಗೂ ನನ್ನನ್ನು ಕೆರಳಿಸುತ್ತದೆ. ಯಾವ ರಾಜಿಯೂ ಆಗಿಲ್ಲ. ಯಾರೂ ಯಾರ ಕ್ಷಮೆಯನ್ನೂ ಕೇಳಿಲ್ಲ. ಅಪ್ಪನಿಗೆ ವಯಸ್ಸಾಗಿದೆ, ಕೈ ನಡುಗುತ್ತದೆ, ಅವರ ಉಗುರನ್ನು ನಾನು ಕತ್ತರಿಸುತ್ತೇನೆ, ಅಷ್ಟೇ. ಅವರು ಅಂದು ಬಾಗಿಲು ಹಾಕಿಕೊಂಡದ್ದೂ ನಿಜ, ಆ ಕವಿತೆಯೂ ನಿಜ. ಅದರಲ್ಲಿ ಹಿಂತೆಗೆದುಕೊಳ್ಳುವಂಥ ಒಂದು ಮಾತೂ ಇಲ್ಲ. ಆದರೆ ಅದನ್ನು ಈಗ ನಾನೇ ನಿಂತು ಓದಿದರೆ, ಇಲ್ಲದ ಸಿಟ್ಟನ್ನು ದನಿಯಲ್ಲಿ ತಂದುಕೊಳ್ಳಬೇಕಾಗುತ್ತದೆ. ಅದನ್ನು ನಟನೆ ಎನ್ನುತ್ತಾರೆ, ಅದಕ್ಕೆ ನನಗಿಂತ ಪಳಗಿದವರಿದ್ದಾರೆ.

ಬದಲಾದ ಕವಿ ತನ್ನ ಹಳೆಯ ಕವಿತೆಯನ್ನು ಏನು ಮಾಡಬೇಕೆಂಬುದು ಇದಕ್ಕಿಂತ ಗಂಭೀರವಾದ ಪ್ರಶ್ನೆ. ಇಂಗ್ಲಿಷ್ ಕವಿ ಆಡೆನ್ ಎರಡನೆಯ ಮಹಾಯುದ್ಧ ಆರಂಭವಾದ ದಿನವನ್ನೇ ಶೀರ್ಷಿಕೆಯಾಗಿಸಿ ಬರೆದ ಕವಿತೆಯಲ್ಲಿ, ನಾವು ಪರಸ್ಪರ ಪ್ರೀತಿಸಬೇಕು, ಇಲ್ಲವಾದರೆ ಸಾಯಬೇಕು ಎಂಬರ್ಥದ ಪ್ರಸಿದ್ಧ ಸಾಲೊಂದಿದೆ. ಪ್ರೀತಿಸಿದರೂ ಸಾಯುವುದು ತಪ್ಪುವುದಿಲ್ಲವಲ್ಲ, ಇದು ಸುಳ್ಳು ಎಂದು ಆಮೇಲೆ ಅವನಿಗೆ ಅನ್ನಿಸಿತು. 1955ರಲ್ಲಿ ಅದನ್ನು ‘ಪ್ರೀತಿಸಬೇಕು ಮತ್ತು ಸಾಯಬೇಕು’ ಎಂದು ತಿದ್ದಿದ. ಅದೂ ಸಾಲದೆಂದು 1966ರ ಸಂಗ್ರಹದಿಂದ ಇಡೀ ಕವಿತೆಯನ್ನೇ ಕೈಬಿಟ್ಟ. ಓದುಗರು ಅವನ ಮಾತನ್ನು ಕೇಳಲಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಲೆ ದಾಳಿಯಾದಾಗ ಜನ ಒಬ್ಬರಿಗೊಬ್ಬರು ಕಳಿಸಿಕೊಂಡದ್ದು ಅದೇ ಕವಿತೆಯನ್ನು. ಐರಿಷ್ ಕವಿ ಯೇಟ್ಸ್‌ನ ದಾರಿ ಬೇರೆ. 1892ರಲ್ಲಿ ಪ್ರಕಟವಾಗಿದ್ದ ಹನ್ನೆರಡು ಸಾಲಿನ ಪ್ರೇಮಕವಿತೆಯೊಂದನ್ನು 1925ರಲ್ಲಿ ಅವನು ಬಹುಮಟ್ಟಿಗೆ ಹೊಸದಾಗಿಯೇ ಬರೆದ. ಹೀಗೆ ಹಳೆಯದನ್ನು ತಿದ್ದುವುದಕ್ಕೆ ಗೆಳೆಯರು ಆಕ್ಷೇಪಿಸಿದಾಗ, ನಾನು ತಿದ್ದಿಕೊಳ್ಳುತ್ತಿರುವುದು ನನ್ನನ್ನೇ ಎಂಬ ಉತ್ತರವನ್ನು 1908ರಷ್ಟು ಹಿಂದೆಯೇ ಕೊಟ್ಟಿದ್ದ. ಉತ್ತರ ಸೊಗಸಾಗಿದೆ, ಒಪ್ಪುತ್ತೇನೆ. ಆದರೆ ನನ್ನಿಂದಾಗದು. ಅಪ್ಪನ ಮೇಲಿನ ಕವಿತೆಯನ್ನು ಇಂದು ತಿದ್ದಲು ಕುಳಿತರೆ ಅಂದಿನ ಹುಡುಗಿಯ ಮಾತೂ ಉಳಿಯುವುದಿಲ್ಲ, ಇಂದಿನವಳ ಮಾತೂ ಹುಟ್ಟುವುದಿಲ್ಲ. ಅದು ಇದ್ದಂತೆ ಇರಲಿ. ಬಾಯಿಪಾಠ ಮಾಡಿದ ಹುಡುಗನದೇ ಆಗಿರಲಿ.

ಬದಲಾವಣೆ ಒಂದು ರಾತ್ರಿಯಲ್ಲಿ ಆಗುತ್ತದೆಂಬ ಭ್ರಮೆಯೂ ನಮ್ಮ ಓದುಗರಲ್ಲಿದೆ. ಕವಿ ಗೋಪಾಲಕೃಷ್ಣ ಅಡಿಗರ ವಿಷಯದಲ್ಲಿ ‘ಭಾವತರಂಗ’ದಿಂದ ‘ಚಂಡೆಮದ್ದಳೆ’ಗೆ ಒಂದೇ ನೆಗೆತವೆಂಬಂತೆ ಮಾತನಾಡುತ್ತಾರೆ. ಮೊದಲನೆಯದು 1946ರದು, ಎರಡನೆಯದು 1954ರದು; ನಡುವೆ ಇನ್ನೂ ಎರಡು ಸಂಕಲನ ಬಂದಿದ್ದವು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಗೂ ‘ಶಿಲಾಲತೆ’ಗೂ ನಡುವೆ 1942ರಿಂದ 1958ರವರೆಗಿನ ಅಂತರವಿದೆ. ಆ ಹೊತ್ತಿಗೆ ಅವರ ಸಾಲಿನ ನಡೆಯೇ ಬೇರೆಯಾಗಿತ್ತು. ಆದರೂ ಬಹುಪಾಲು ಓದುಗರು ಇಂದಿಗೂ ಅವರನ್ನು ಗುರುತಿಸುವುದು ಮೊದಲ ಪುಸ್ತಕದಿಂದ. ಹಾಡಿಕೊಳ್ಳಲು ಒಂದು ಸಂಕಲನ ಸಿಕ್ಕಿಬಿಟ್ಟರೆ, ಅದನ್ನು ಬರೆದವರು ಆಮೇಲೆ ಬದುಕಿಯೇ ಇರಲಿಲ್ಲವೇನೋ ಎಂಬಂತೆ ನಾವು ನಡೆದುಕೊಳ್ಳುತ್ತೇವೆ.

ನನ್ನನ್ನು ಏನಾದರೂ ಕೇಳಲೇಬೇಕಿದ್ದರೆ, ಈಗ ಎಂಥ ಸಾಲನ್ನು ಹೊಡೆದುಹಾಕುತ್ತೀರಿ ಎಂದು ಕೇಳಿ. ಅದಕ್ಕೆ ಎಷ್ಟು ಹೊತ್ತಾದರೂ ಉತ್ತರ ಹೇಳುತ್ತೇನೆ.

ಉಗುರಿನ ವಿಷಯವನ್ನೇ ತೆಗೆದುಕೊಳ್ಳೋಣ. ಅಪ್ಪನ ಹೆಬ್ಬೆರಳಿನ ಉಗುರು ದಪ್ಪವಾಗಿ, ಹಳದಿಗಟ್ಟಿ, ಅಂಚಿನಲ್ಲಿ ಒಳಕ್ಕೆ ಬಾಗಿದೆ. ಬಿಸಿನೀರಿನಲ್ಲಿ ನೆನೆಸದಿದ್ದರೆ ನೇಲ್ ಕಟರ್‌ನ ಬಾಯಿಗೆ ಸಿಗುವುದೇ ಇಲ್ಲ. ಒಮ್ಮೆಗೇ ಒತ್ತಿದರೆ ಸೀಳುತ್ತದೆ, ಆದ್ದರಿಂದ ಮೂಲೆಯಿಂದ ಚೂರು ಚೂರಾಗಿ ತೆಗೆಯಬೇಕು. ಇದನ್ನು ಕವಿತೆಯಾಗಿಸಲು ಹೊರಟಾಗ ನಾಲ್ಕು ಸಾಲು ಕಳೆಯುವಷ್ಟರಲ್ಲಿ ‘ಈ ಕೈಯೇ ಅಲ್ಲವೇ ಅಂದು ಬಾಗಿಲು ಹಾಕಿದ್ದು’ ಎಂಬ ಸಾಲು ತಾನಾಗಿಯೇ ಬಂದು ಕುಳಿತಿತು. ಒಳ್ಳೆಯ ಸಾಲು. ಗೋಷ್ಠಿಯಲ್ಲಿ ಓದಿದರೆ ಅಲ್ಲೇ ಚಪ್ಪಾಳೆ ಬೀಳುತ್ತದೆ. ಹೊಡೆದುಹಾಕಿದೆ. ಉಗುರು ಕತ್ತರಿಸುವಾಗ ನನಗೆ ಯಾವ ಬಾಗಿಲೂ ನೆನಪಾಗಿರಲಿಲ್ಲ. ಚರ್ಮಕ್ಕೆ ತಾಗದಿರಲಿ ಎಂಬುದೊಂದೇ ಇತ್ತು. ಬಾಗಿಲನ್ನು ತಂದದ್ದು ನನ್ನ ಹಳೆಯ ಕೈ. ಮನಸ್ಸು ಎಲ್ಲೋ ಹೋಗಿ ಮುಟ್ಟಿದ ಮೇಲೂ ಕೈ ಮಾತ್ರ ಪಳಗಿದ ದಾರಿಯಲ್ಲೇ ನಡೆಯುತ್ತಿರುತ್ತದೆ, ಮತ್ತು ಆ ದಾರಿಯಲ್ಲಿ ಅದು ಎಡವುವುದೂ ಇಲ್ಲ.

ಆಮೇಲೆ ಬಂದದ್ದು ಅದಕ್ಕಿಂತ ಕೆಟ್ಟದ್ದು. ಬಾಗಿಲಿನ ಜಾಗದಲ್ಲಿ ಕ್ಷಮೆ, ಹಗುರಾದ ಎದೆ, ಕಿಟಕಿಯಿಂದ ಒಳಬರುವ ಬೆಳಕು ಎಲ್ಲವೂ ಸಾಲಾಗಿ ಬಂದವು. ಬೆಳವಣಿಗೆಗೂ ಸಿದ್ಧಮಾತುಗಳಿವೆ ಎಂಬುದನ್ನು ಬದಲಾವಣೆಯನ್ನು ಹೊಗಳುವವರು ಹೇಳುವುದಿಲ್ಲ; ಸಿಟ್ಟಿಗೆ ಇರುವುದಕ್ಕಿಂತ ಹೆಚ್ಚೇ ಇವೆ. ಸಿಟ್ಟಿನ ಸುಳ್ಳನ್ನು ಯಾರಾದರೂ ಪ್ರಶ್ನಿಸಿಯಾರು, ಶಾಂತಿಯ ಸುಳ್ಳಿಗೆ ಎಲ್ಲರೂ ತಲೆದೂಗುತ್ತಾರೆ. ಅದನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿದದ್ದು ‘ನೋವಾಯಿತಾ ಎಂದೆ. ನೀನು ಇನ್ನೊಂದು ಕೈ ಕೊಟ್ಟೆ’ ಎಂಬಷ್ಟು ಮಾತ್ರ. ಕವಿತೆ ಇನ್ನೂ ಆಗಿಲ್ಲ. ಆಗಬಹುದು, ಆಗದೆಯೂ ಇರಬಹುದು.

ಬರೆಯುವುದನ್ನೇ ಬಿಟ್ಟಿದ್ದೀರಾ ಎಂದು ಕೇಳುವವರಿಗೆ ಫ್ರೆಂಚ್ ಕವಿ ಪಾಲ್ ವಾಲೆರಿಯ ಹೆಸರು ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷ ಕವಿತೆಯಿಂದ ದೂರವಿದ್ದು 1917ರಲ್ಲಿ ನೀಳ್ಗವಿತೆಯೊಂದರೊಂದಿಗೆ ಮರಳಿದ ಅವನು, ಆ ವರ್ಷಗಳಲ್ಲಿ ನಸುಕಿನಲ್ಲೇ ಎದ್ದು ನೋಟುಪುಸ್ತಕಗಳನ್ನು ತುಂಬಿಸುತ್ತಿದ್ದ. ಅವನಿಗೆ ನನ್ನನ್ನು ಹೋಲಿಸಿಕೊಳ್ಳುತ್ತಿಲ್ಲ. ನಾನೂ ಬೆಳಿಗ್ಗೆ ಮೇಜಿನ ಮುಂದೆ ಕೂರುತ್ತೇನೆ, ಎದ್ದಾಗ ಹಾಳೆಯಲ್ಲಿ ಉಳಿದಿರುವುದಕ್ಕಿಂತ ಹೊಡೆದದ್ದೇ ಹೆಚ್ಚಿರುತ್ತದೆ ಎಂದು ಹೇಳುತ್ತಿದ್ದೇನೆ, ಅಷ್ಟೇ.

ಹೀಗಾಗಿ ಮುಂದಿನ ಸಂಕಲನ ತೆಳ್ಳಗಿರುತ್ತದೆ. ಪುಟ ಸಾಲದೆಂದು ಪ್ರಕಾಶಕರು ಈಗಾಗಲೇ ಗೊಣಗಿದ್ದಾರೆ. ಹಳೆಯ ಜನಪ್ರಿಯ ಕವಿತೆಗಳಲ್ಲಿ ಕೆಲವನ್ನು ಸೇರಿಸೋಣವೇ ಎಂದು ಕೇಳಿದರು, ಬೇಡವೆಂದೆ. ಹಾಗಾದರೆ ಯಾರಿಂದಲಾದರೂ ಉದ್ದನೆಯ ಮುನ್ನುಡಿಯನ್ನಾದರೂ ಬರೆಸೋಣ ಎಂದರು. ಅದೂ ಬೇಡವೆಂದಿದ್ದೇನೆ.