ಡೆಲ್ಫ್ಟ್ ಸಂತೆಯ ನಡುವಿನ ವಕೀಲ

ನಾನು ನೆಲೆಸಿರುವ, ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಗುರುವಾರ ಸಂತೆಯ ದಿನ. ಹೊಸ ಚರ್ಚಿನ ಎದುರಿನ ಚೌಕದಲ್ಲಿ, ಚೀಸ್ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಅಂಗಡಿಗಳ ನಡುವೆ ಹ್ಯೂಗೋ ಗ್ರೋಶಿಯಸ್‌ನ ಪ್ರತಿಮೆ ನಿಂತಿದೆ. 1583ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿಗೆ ಲೈಡನ್ ವಿಶ್ವವಿದ್ಯಾಲಯ ಸೇರಿ, ಹದಿಹರೆಯ ಕಳೆಯುವ ಮೊದಲೇ ಹೇಗ್‌ನಲ್ಲಿ ವಕೀಲಿ ಹಿಡಿದ ಈತನನ್ನು ಅಂತಾರಾಷ್ಟ್ರೀಯ ಕಾನೂನಿನ ಮೂಲಪುರುಷರಲ್ಲಿ ಒಬ್ಬನೆಂದು ಜಗತ್ತು ನೆನೆಯುತ್ತದೆ. ಕರಾವಳಿಯವನಾದ ನನಗೆ ಆತ ಹತ್ತಿರದವನೆನಿಸಲು ಬೇರೆಯೇ ಕಾರಣವಿದೆ.

1603ರಲ್ಲಿ ಡಚ್ಚರು ಸಿಂಗಪುರದ ಬಳಿ ಸಾಂತಾ ಕತರೀನಾ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದರ ಸರಕು ಆಮ್‌ಸ್ಟರ್‌ಡ್ಯಾಮಿನಲ್ಲಿ ಮೂವತ್ತು ಲಕ್ಷ ಗಿಲ್ಡರಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಅದು ದರೋಡೆಯಲ್ಲವೆಂದು ಸಾಧಿಸಿಕೊಡಲು ಡಚ್ ಈಸ್ಟ್ ಇಂಡಿಯಾ ಕಂಪನಿ ಈ ತರುಣ ವಕೀಲನನ್ನು ಕೇಳಿಕೊಂಡಿತು. ಆತ ಬರೆದ ವಾದದ ಒಂದು ಅಧ್ಯಾಯವೇ 1609ರಲ್ಲಿ, ಲೇಖಕನ ಹೆಸರಿಲ್ಲದೆ, 'ಮಾರೆ ಲಿಬೆರಮ್', ಅಂದರೆ 'ಮುಕ್ತ ಸಮುದ್ರ' ಎಂದು ಅಚ್ಚಾಯಿತು. ಕಡಲು ಯಾರೊಬ್ಬರ ಸ್ವತ್ತೂ ಅಲ್ಲ, ಪೂರ್ವದ ನಾಡುಗಳಿಗೆ ಅವುಗಳದೇ ಅರಸರಿದ್ದಾರೆ, ಅವರೊಡನೆ ವ್ಯಾಪಾರ ಮಾಡುವವರನ್ನು ತಡೆಯಲು ಪೋರ್ಚುಗೀಸರಿಗೆ ಹಕ್ಕಿಲ್ಲ ಎಂಬುದು ಅದರ ತಿರುಳು. ಕರ್ತಾಜ್ ಎಂಬ ಪೋರ್ಚುಗೀಸ್ ರಹದಾರಿಯಿಲ್ಲದೆ ಹಡಗು ಬಿಡಲಾಗದ ಕಾಲವನ್ನು ಕಂಡ ತೀರ ನಮ್ಮದು. ಉಳ್ಳಾಲದ ರಾಣಿ ಅಬ್ಬಕ್ಕ ಎದುರಿಸಿದ್ದು ಇದೇ ದರ್ಪವನ್ನು. ಆದ್ದರಿಂದ ಆ ವಾದವನ್ನು ಮೊದಲ ಸಲ ಓದಿದಾಗ ನಮ್ಮ ಪರವಾಗಿಯೇ ಯಾರೋ ಎದ್ದು ನಿಂತಂತೆ ನನಗೆ ತೋರಿತು.

ಆದರೆ 1613ರಲ್ಲಿ ಆತ ಡಚ್ ನಿಯೋಗದ ಜೊತೆ ಲಂಡನ್ನಿಗೆ ಹೋದಾಗ, ಇಂದಿನ ಇಂಡೋನೇಷ್ಯಾದ ಮಸಾಲೆ ದ್ವೀಪಗಳಲ್ಲಿ ಇಂಗ್ಲಿಷರ ವ್ಯಾಪಾರಕ್ಕೆ ಅಡ್ಡಗಟ್ಟಿದ್ದವರು ಡಚ್ಚರೇ. ಇಂಗ್ಲಿಷರು 'ಮುಕ್ತ ಸಮುದ್ರ'ದ ಮಾತುಗಳನ್ನೇ ಡಚ್ಚರ ಮುಂದಿಟ್ಟರು. ಅವನ್ನು ಬರೆದವನು ಎದುರಿಗೇ ಕುಳಿತಿದ್ದ. ದ್ವೀಪದ ಅರಸರು ನಮ್ಮೊಡನೆ ಒಪ್ಪಂದ ಮಾಡಿಕೊಂಡಿದ್ದಾರೆ, ಒಪ್ಪಂದ ಪಾಲಿಸಲೇಬೇಕು ಎಂದು ಗ್ರೋಶಿಯಸ್ ವಾದಿಸಿದ. ವಕೀಲನು ರಾಜತಾಂತ್ರಿಕನಾದದ್ದು ನನ್ನ ಪಾಲಿಗೆ ಆ ಕ್ಷಣದಲ್ಲಿ, ಮತ್ತು ಅದನ್ನು ನಾನು ನೋವಿಲ್ಲದೆ ಓದಲಾರೆ.

ಮುಂದೆ ದೇಶದೊಳಗಿನ ಧರ್ಮ-ರಾಜಕಾರಣದ ಜಗಳದಲ್ಲಿ ಸೋತ ಪಕ್ಷದವನಾಗಿ, 1619ರಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾಯಿತು. ಲೂವೆಸ್ಟೈನ್ ಕೋಟೆಯ ಸೆರೆಗೆ ಪುಸ್ತಕ ತರುವ ಪೆಟ್ಟಿಗೆಯನ್ನು ಕಾವಲುಗಾರರು ಬರಬರುತ್ತ ತೆರೆದು ನೋಡುವುದನ್ನು ಬಿಟ್ಟಿದ್ದರು. ಅದನ್ನು ಗಮನಿಸಿದ ಹೆಂಡತಿ ಮರಿಯಾ 1621ರ ಮಾರ್ಚ್ 22ರಂದು ಗಂಡನನ್ನೇ ಅದರೊಳಗೆ ಮಲಗಿಸಿ ಬೀಗ ಹಾಕಿದಳು; ಮನೆಗೆಲಸದ ಎಲ್ಸ್ಯೆ ಪೆಟ್ಟಿಗೆಯ ಜೊತೆ ದೋಣಿಯಲ್ಲಿ ಹೊಳೆ ದಾಟಿದಳು. ಆ ಪೆಟ್ಟಿಗೆ ತಮ್ಮಲ್ಲಿರುವುದೇ ಎಂದು ಇಂದು ಈ ದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಹೇಳುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿರುವುದನ್ನು ನಾನು ಕಂಡಿದ್ದೇನೆ: ನಮ್ಮ ಹಳೆಯ ಮನೆಗಳ ಪೆಠಾರಿಯಂಥದು, ಮೊಣಕಾಲು ಮಡಿಚದೆ ಬೆಳೆದ ಗಂಡಸು ಅದರಲ್ಲಿ ಹಿಡಿಸಲಾರ.

ಪ್ಯಾರಿಸ್ ಸೇರಿದ ಆತ 1625ರಲ್ಲಿ ಯುದ್ಧ ಮತ್ತು ಶಾಂತಿಯ ಕಾನೂನನ್ನು ಕುರಿತ ಮಹಾಗ್ರಂಥವನ್ನು ಹೊರತಂದ. 1631ರಲ್ಲಿ ಊರಿನ ಸೆಳೆತ ತಾಳಲಾರದೆ ಹಾಲೆಂಡಿಗೆ ಮರಳಿದಾಗ, ಹಿಡಿದುಕೊಟ್ಟವರಿಗೆ ಸರ್ಕಾರ ಬಹುಮಾನ ಸಾರಿತು, ಮತ್ತೆ ಹೊರಟುಹೋದ. ಕೊನೆಗೆ ಸ್ವೀಡನ್ನಿನ ರಾಯಭಾರಿಯಾಗಿ, ಅಂದರೆ ತನ್ನದಲ್ಲದ ದೇಶದ ಪರವಾಗಿ, ಪ್ಯಾರಿಸ್ಸಿನಲ್ಲಿ ಸುಮಾರು ಹತ್ತು ವರ್ಷ ದುಡಿದ. ಫ್ರಾನ್ಸಿನ ಮುಖ್ಯ ಮಂತ್ರಿ ರಿಶಲ್ಯೂಗೂ ಆತನಿಗೂ ಸರಿಹೊಂದಲಿಲ್ಲ. ಬಾಗಲು ಬಾರದ ಸ್ವಭಾವ ಆ ಕೆಲಸಕ್ಕೆ ಒಗ್ಗುವಂಥದ್ದೂ ಅಲ್ಲ.

ಸ್ವೀಡನ್ನಿನಿಂದ ಹಿಂತಿರುಗುವಾಗ ಹಡಗು ಒಡೆದು, ಬಳಲಿ, 1645ರ ಆಗಸ್ಟ್ 28ರಂದು ಜರ್ಮನಿಯ ರೋಸ್ಟಾಕ್‌ನಲ್ಲಿ ಆತ ತೀರಿಕೊಂಡ. ಬದುಕಿದ್ದಾಗ ಹಿಡಿಯಲು ಬಹುಮಾನ ಸಾರಿದ್ದ ನಾಡಿಗೇ ದೇಹವನ್ನು ತಂದರು. ಸಂತೆಚೌಕದ ಆ ಹೊಸ ಚರ್ಚಿನೊಳಗೆ ಸಮಾಧಿಯಿದೆ.