ಇಪ್ಪತ್ಮೂರು ಖಾಲಿ ಚೀಲ

2023ರ ಜುಲೈ. ಆ ವರ್ಷ ಮಳೆ ತಡವಾಗಿ ಹಿಡಿದಿತ್ತು. ರಾತ್ರಿ ಎರಡೂವರೆ ಸುಮಾರಿಗೆ ಅತ್ತೆ ಬಾಗಿಲು ತಟ್ಟಿ, "ನನ್ನ ಮಂಚ ಸ್ವಲ್ಪ ಸರಿಸಿ ಕೊಡ್ತೀಯೇನೇ" ಅಂದರು. ಹೋಗಿ ನೋಡಿದರೆ ದಿಂಬು ತೊಯ್ದಿದೆ, ಕಂಬಳಿ ತೊಯ್ದಿದೆ. ಫ್ಯಾನಿನ ಕೊಕ್ಕೆಯಿಂದ ಇಳಿದ ನೀರು ರೆಕ್ಕೆಯ ತುದಿಗೆ ಬಂದು ಅಲ್ಲಿಂದ ತೊಟ್ಟಿಕ್ಕುತ್ತಿದೆ. ಆ ಹೊಸ ಕೋಣೆಯ ತಾರಸಿಗೆ ಕಾಂಕ್ರೀಟಿನ ಮೋಲ್ಡ್ ಹಾಕಿಸಿ ಐದು ತಿಂಗಳಾಗಿತ್ತು, ಅಷ್ಟೇ. ಅದಕ್ಕೆ ಅಂಟಿಕೊಂಡೇ ಇರುವ ನಮ್ಮ ಹೆಂಚಿನ ಮನೆ ನಲವತ್ತು ಮಳೆಗಾಲ ಕಂಡಿದೆ. ಅಲ್ಲಿ ಒಂದು ಹನಿಯೂ ಇಲ್ಲ.

ಅತ್ತೆಗೆ ಮಂಡಿನೋವು. ರಾತ್ರಿ ಹಿತ್ತಲು ದಾಟಿ ಬಚ್ಚಲಿಗೆ ಹೋಗುವುದು ತಪ್ಪಲಿ ಅಂತಲೇ ಮನೆಯ ಹಿಂಬದಿಗೆ 22ಕ್ಕೆ 14 ಅಡಿಯಲ್ಲಿ ಒಂದು ಕೋಣೆ, ಬಚ್ಚಲು ಕಟ್ಟಿಸಿದ್ದು. ನಮ್ಮನೆಯವರು ಕೆಲಸದ ಮೇಲೆ ಕಾರವಾರದಲ್ಲಿ. ಸಾಗರದಲ್ಲಿ ಇದ್ದು ನೋಡಿಕೊಳ್ಳಬೇಕಾದವಳು ನಾನೇ. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು ನಾನು, ಕಟ್ಟಡದ ಕೆಲಸದ ಗಂಧವಿರಲಿಲ್ಲ.

ಮೋಲ್ಡ್ ಹಾಕಿದ್ದು ಫೆಬ್ರವರಿಯಲ್ಲಿ, ಮಾರಿಕಾಂಬಾ ಜಾತ್ರೆಗೆ ಮೂರು ದಿನ ಮೊದಲು. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರಿಗೆ ಊರೇ ಅಲ್ಲಿರುತ್ತದೆ. ಅಷ್ಟರೊಳಗೆ ಮುಗಿಸಬೇಕು ಅಂತ ಕಂಟ್ರಾಕ್ಟರಿಗೆ ಅವಸರ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಕೆಟ್ಟಿದೆ ಅಂತ ಕಂಬಿಯ ತುಂಡಿನಲ್ಲಿ ಕುಟ್ಟಿದರು. ಬೇಗ ಹರಡಲಿ ಅಂತ ಮಿಕ್ಸರಿಗೆ ಕೊಡಗಟ್ಟಲೆ ನೀರು ಸುರಿದರು. ನಾನು ಹನ್ನೊಂದು ಗಂಟೆಗೆ ಆಫೀಸಿಗೆ ಹೊರಟುಬಿಟ್ಟೆ. ಆ ಒಂದು ದಿನ ರಜೆ ಹಾಕಲಿಲ್ಲವಲ್ಲ ಅನ್ನುವ ಸಂಕಟ ಇನ್ನೂ ಹೋಗಿಲ್ಲ. ಪಾತಿ ಕಟ್ಟಿ ನೀರು ನಿಲ್ಲಿಸಲು ಒಬ್ಬ ಹುಡುಗ ಮೂರು ದಿನ ಬಂದ. ಜಾತ್ರೆ ಶುರುವಾಯಿತು, ಆಮೇಲೆ ಯಾರೂ ಬರಲಿಲ್ಲ. ನಾವು ಬಳಸಿದಂಥ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಆರಬಾರದು, 14 ದಿನವಾದರೆ ಇನ್ನೂ ಒಳ್ಳೆಯದು ಅಂತ ಗೊತ್ತಾಗುವ ಹೊತ್ತಿಗೆ ಕಾಲ ಮೀರಿತ್ತು.

ಸೋರಿದ ಮರುದಿನ ಕಂಟ್ರಾಕ್ಟರಿಗೆ ಫೋನ್ ಮಾಡಿದೆ. "ಹೊಸ ಕಾಂಕ್ರೀಟ್ ಅಕ್ಕ, ಒಂದು ಮಳೆಗಾಲ ಹಾಗೇ. ಆಮೇಲೆ ತಾನೇ ಸೆಟ್ ಆಗತ್ತೆ." ಮತ್ತೆ ಕರೆದಾಗ, "ಸಾರ್ ಬರ್ಲಿ, ಅವರ ಹತ್ರ ಮಾತಾಡ್ತೀನಿ." ಮೂರನೇ ಸಲ ಜಿಟಿಜಿಟಿ ಮಳೆಯಲ್ಲೇ ಒದ್ದೆ ತಾರಸಿಗೆ ಯಾವುದೋ ಬಣ್ಣ ಬಳಿದು ಹೋದರು. ವಾರದಲ್ಲಿ ಅದು ಹಾಲಿನ ಕೆನೆಯಂತೆ ಎದ್ದುಬಂತು. ಕೊನೆಗೆ, "ಶೀಟ್ ಹಾಕಿಸಿಬಿಡಿ, ಚಿಂತೆನೇ ಇಲ್ಲ." ಮಲೆನಾಡಿನಲ್ಲಿ ತಾರಸಿಯ ಮೇಲೆ ಶೀಟ್ ಹಾಕುವುದು ಹೊಸದಲ್ಲ, ತಪ್ಪೂ ಅಲ್ಲ. ಆದರೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತಿದೆಯೋ ಏನೋ ನೋಡದೆ ಮೇಲಿಂದ ಮುಚ್ಚಿದರೆ ನಾಳೆ ಆ ಕೋಣೆಯಲ್ಲಿ ಮಲಗುವವರ ಗತಿಯೇನು? ಬೇಡ ಅಂದೆ.

ಅಲ್ಲಿಂದ ನನಗೆ ಗೊತ್ತಿರುವ ಕೆಲಸ ಶುರುಮಾಡಿದೆ, ಲೆಕ್ಕ ಇಡುವುದು. ಸೀಲಿಂಗಿನ ಪ್ರತಿ ಒದ್ದೆ ಕಲೆಗೂ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ತಾರೀಖು ಬರೆದೆ, ಫೋಟೋ ತೆಗೆದೆ. ಮಳೆ ಬಿಟ್ಟ ಮೇಲೆ ತಾರಸಿಗೆ ಹತ್ತಿ ನಿಂತ ನೀರಿಗೆ ಮಗಳ ಸ್ಕೇಲ್ ಇಳಿಸಿದರೆ 18 ಮಿಲಿಮೀಟರ್. ನೀರು ಹೊರಹೋಗುವ ಪೈಪಿನ ಬಾಯಿಯೇ ನೆಲಕ್ಕಿಂತ ಎತ್ತರದಲ್ಲಿತ್ತು. ನೀರು ಹರಿಯುವ ಇಳಿಜಾರು, ಅಂದರೆ ವಾಟವೇ ಇಲ್ಲ.

ಅಕ್ಟೋಬರಿನಲ್ಲಿ ದೊಡ್ಡಪ್ಪನ ಅಳಿಯ ಭಾವ ಬಂದರು, ಪಿಡಬ್ಲ್ಯುಡಿಯಿಂದ ನಿವೃತ್ತರಾದ ಇಂಜಿನಿಯರ್. ಏಣಿ ಹತ್ತಿ ಫ್ಯಾನಿನ ಪಕ್ಕದ ಗಿಲಾವನ್ನು ಉಳಿಯಿಂದ ಕೆತ್ತಿದರು. ಬೂದಿಬಣ್ಣದ ಗಟ್ಟಿ ಕಾಂಕ್ರೀಟ್ ಇರಬೇಕಾದ ಜಾಗದಲ್ಲಿ ಬರೀ ಜಲ್ಲಿ, ಜೇನುಗೂಡಿನ ಹಾಗೆ. ಒಂದಕ್ಕೊಂದು ಹೆಸರಿಗೆ ಅಂಟಿವೆ, ನಡುವೆ ಸಿಮೆಂಟಿಲ್ಲ. ಬೆರಳು ತಾಗಿಸಿದರೆ ಉದುರಿದವು. ಸ್ಕ್ರೂಡ್ರೈವರ್ ಚುಚ್ಚಿದರೆ ಎರಡು ಇಂಚು ಸಲೀಸಾಗಿ ಒಳಹೋಯಿತು. ಕಂಬಿಯ ಕೆಳಗೆ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕಿತ್ತಂತೆ. ಅಲ್ಲಿ ಕಂಬಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿಚೂರು ಇಟ್ಟಿದ್ದರು, ಅದೂ ಜಾರಿ ಕಂಬಿ ಶಟರಿಂಗಿನ ಹಲಗೆಗೇ ಕೂತಿತ್ತು. ಕಂಬಿಯ ಮೈಯಿಂದ ಕಿತ್ತಳೆ ಬಣ್ಣದ ಪುಡಿ ನನ್ನ ಅಂಗೈಗೆ ಬಿತ್ತು.

"ಸಿಮೆಂಟ್ ಎಷ್ಟು ಚೀಲ ಹಾಕಿದ್ರು?" ಅಂತ ಭಾವ ಕೇಳಿದರು. ಖಾಲಿ ಚೀಲಗಳನ್ನು ತೊಳೆದು ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದೆ. ಎಣಿಸಿದೆವು, ಇಪ್ಪತ್ಮೂರು. ಭಾವ ಕಾಗದದ ಮೇಲೆ ತೋರಿಸಿದರು: 308 ಚದರಡಿ, ಐದು ಇಂಚು ದಪ್ಪ, ಸುಮಾರು 3.6 ಘನ ಮೀಟರ್. ಸಿಮೆಂಟ್, ಮರಳು, ಜಲ್ಲಿ ಒಂದು, ಒಂದೂವರೆ, ಮೂರು ಅನ್ನುವ ಎಂ20 ಹದಕ್ಕೆ ಘನ ಮೀಟರಿಗೆ ಎಂಟು ಚೀಲದಂತೆ ಇಪ್ಪತ್ತೊಂಬತ್ತು ಬೇಕು. ಇಪ್ಪತ್ಮೂರು ಅಂದರೆ ಒಂದು, ಎರಡು, ನಾಲ್ಕರ ಹದ. ಕಂಬಿ ಹಾಕಿದ ಕಾಂಕ್ರೀಟಿಗೆ, ಅಂದರೆ ಆರ್‌ಸಿಸಿಗೆ, ಎಂ20ಕ್ಕಿಂತ ಕಡಿಮೆ ಹಾಕುವಂತೆಯೇ ಇಲ್ಲ. ಮಾತಿಗೆ ಮಾತು ಬೆಳೆಸುವ ಅಗತ್ಯ ಆ ಹೊತ್ತಿಗೇ ಮುಗಿಯಿತು.

ನಮ್ಮನೆಯವರಿಗೆ ದಾಕ್ಷಿಣ್ಯ. "ಊರಿನವರು, ನಾಳೆ ಮದುವೆಮನೆಯಲ್ಲಿ ಎದುರು ಸಿಗ್ತಾರೆ." ನನಗೂ ಜಗಳ ಬೇಕಿರಲಿಲ್ಲ, ನೆಟ್ಟಗಿನ ಸೂರು ಬೇಕಿತ್ತು. ಬಾಕಿ 65,000 ರೂಪಾಯಿ ನನ್ನ ಕೈಯಲ್ಲಿತ್ತು. ಫೋಟೋ, ಚೀಲದ ಲೆಕ್ಕ, ಭಾವ ಬರೆದುಕೊಟ್ಟ ವರದಿ ಜೊತೆಗಿಟ್ಟು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಹಾಕಿದೆ. ರಿಯಲ್ ಎಸ್ಟೇಟ್ ಪ್ರಾಧಿಕಾರ ರೇರಾಗೆ ಹೋಗಿ ಅಂದವರಿದ್ದರು. ಅದು ಕಟ್ಟಿ ಮಾರುವವರಿಗೆ, ನಮ್ಮ ಜಾಗದಲ್ಲಿ ನಾವೇ ಗುತ್ತಿಗೆ ಕೊಟ್ಟು ಕಟ್ಟಿಸಿದ ಮನೆಗೆ ಬರುವುದಿಲ್ಲ. ನಮಗಿರುವುದು ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ಎರಡು ವರ್ಷದೊಳಗೆ ದೂರು ಕೊಡಬೇಕು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಇಷ್ಟನ್ನೂ ಕಾಗದದಲ್ಲಿ ಬರೆದಿದ್ದೆ, ಒಂದು ಬಿರುಸು ಮಾತು ಬಳಸಿರಲಿಲ್ಲ.

ಎಂಟನೇ ದಿನ ಕಂಟ್ರಾಕ್ಟರ್ ಬಂದರು. ಜಗಲಿಯಲ್ಲಿ ಕೂತು ಕಾಫಿ ಕುಡಿದು, ಎಲ್ಲ ಕಾಗದ ನೋಡಿ, ಬಹಳ ಹೊತ್ತಿನ ಮೇಲೆ, "ಆವತ್ತು ನಾನೂ ಜಾತ್ರೆಯ ತಯಾರಿಗೆ ಹೋಗಿದ್ದೆ ಅಕ್ಕ, ಹುಡುಗರಿಗೆ ಬಿಟ್ಟಿದ್ದೆ" ಅಂದರು. ಆ ಮಾತು ನಿಜ ಅಂತ ನನಗನ್ನಿಸಿತು. ಮಾಲಿನ ಖರ್ಚು ಬಾಕಿ ಹಣದಲ್ಲಿ ಮುರಿದುಕೊಳ್ಳುವುದು, ಕೂಲಿ ಅವರದು, ಮಿಕ್ಕದ್ದು ಒಂದು ಮಳೆಗಾಲ ದಾಟಿದ ಮೇಲೆ ಅಂತ ಬರವಣಿಗೆಯಲ್ಲೇ ಒಪ್ಪಂದವಾಯಿತು.

ಜನವರಿಯಲ್ಲಿ ಕೆಲಸ. ಪೊಳ್ಳು ಜಾಗವನ್ನೆಲ್ಲ ಗಟ್ಟಿ ಸಿಗುವವರೆಗೆ ಕೆತ್ತಿ, ಕಂಬಿಯ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಪಾಲಿಮರ್ ಗಾರೆ ತುಂಬಿದರು. ಒಳಗಿನ ಸಂದಿಗಳಿಗೆ ನಳಿಕೆ ಕೂರಿಸಿ ಸಿಮೆಂಟ್ ಹಾಲು ಒತ್ತಿದರು. ಮೇಲಿನ ಹಳೇ ಗಾರೆ ಕಿತ್ತು, ಪೈಪು ತಗ್ಗಿಸಿ, ನೂರಕ್ಕೆ ಒಂದರಂತೆ ವಾಟ ಕೊಟ್ಟರು. ಈ ಸಲ ನಾನು ರಜೆ ಹಾಕಿದ್ದೆ. ಹದಿನಾಲ್ಕು ದಿನ ಬೆಳಿಗ್ಗೆ, ಸಂಜೆ ನೀರು ಹಾಕಿದ್ದು ನಾನೇ. ಕೊನೆಗೆ ಪೈಪಿನ ಬಾಯಿ ಕಟ್ಟಿ ಮೂರು ದಿನ ನೀರು ನಿಲ್ಲಿಸಿ, ಟಾರ್ಚ್ ಹಿಡಿದು ಕೆಳಗಿಂದ ಮೂಲೆಮೂಲೆ ನೋಡಿದೆ.

2024ರ ಜುಲೈ ಮಳೆ ಜೋರಾಗಿಯೇ ಹೊಡೆಯಿತು. ಅತ್ತೆಯ ಮಂಚ ಫ್ಯಾನಿನ ಕೆಳಗೇ ಇತ್ತು. ದೀಪಾವಳಿ ಕಳೆದ ಮೇಲೆ ಉಳಿದ ಹಣಕ್ಕೆ ಚೆಕ್ ಬರೆದುಕೊಟ್ಟೆ.

ಹಳೇ ಗೋಡೆಯೂ ಹೊಸ ಸ್ಲ್ಯಾಬೂ ಕೂಡುವ ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ಪಸೆ ಇನ್ನೂ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಪೆನ್ಸಿಲ್ಲಿನ ಸುತ್ತು ಹಾಕಿ ತಾರೀಖು ಬರೆದಿದ್ದೇನೆ. ಇದುವರೆಗೆ ಗೆರೆ ದಾಟಿಲ್ಲ.