ಬಳ್ಳೆ ದಾರಿಯ ಹಾಡಿಗೆ ಕಥೆ ಪುಸ್ತಕ ಹೊತ್ತು

ದಸರಾ ಬಂತೆಂದರೆ ಮೈಸೂರು ಅರಮನೆಯ ಆವರಣದಲ್ಲಿ ಒಂದು ಟೆಂಟ್ ಶಾಲೆ ಶುರುವಾಗುತ್ತದೆ. ಜಂಬೂ ಸವಾರಿ ಆನೆಗಳ ಜೊತೆ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಹೆಂಡತಿ ಮಕ್ಕಳ ಸಮೇತ ಬಂದು ಅಲ್ಲೇ ಬಿಡಾರ ಹೂಡುತ್ತಾರಲ್ಲ, ಅವರ ಮಕ್ಕಳಿಗೆ ಪಾಠ ತಪ್ಪಬಾರದು ಅಂತ. ನಮ್ಮ ಗೆಳೆಯರ ಗುಂಪಿನ ಕೆಲವರು ಅಲ್ಲಿ ಕಥೆ ಓದಿ ಹೇಳಲು ಹೋಗುತ್ತಿದ್ದೆವು. ಹಬ್ಬ ಮುಗಿದು ಆನೆಗಳು ಲಾರಿ ಹತ್ತುವ ಹೊತ್ತಿಗೆ ಒಬ್ಬಳು ಹುಡುಗಿ ಕೇಳಿದಳು, "ಅಕ್ಕಾ, ಈ ಪುಸ್ತಕ ನಮ್ ಹಾಡಿಗೂ ತರ್ತೀರಾ?" ನವೆಂಬರ್‌ನಲ್ಲಿ ನಾವು ಎಚ್.ಡಿ. ಕೋಟೆ ಕಡೆ ಹೊರಟಿದ್ದು ಆ ಮಾತಿನಿಂದ. ಹಾಡಿ ಅಂದರೆ ಕಾಡಿನ ಬುಡಕಟ್ಟು ಜನರ ಪುಟ್ಟ ಊರು.

ಹೊರಡೋ ಮುಂಚೆ ಅಲ್ಲಿನ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿದೆವು. "ಪಾಠದ ಪುಸ್ತಕ ಬೇಡ, ಅದನ್ನ ಸರ್ಕಾರನೇ ಕೊಡುತ್ತೆ. ದಪ್ಪ ಅಕ್ಷರ, ಜಾಸ್ತಿ ಚಿತ್ರ ಇರೋ ಕಥೆ ಪುಸ್ತಕ ತನ್ನಿ" ಅಂದರು. ನ್ಯಾಷನಲ್ ಬುಕ್ ಟ್ರಸ್ಟ್‌ನವು ಒಂದಷ್ಟು, ಪ್ರಥಮ್ ಬುಕ್ಸ್‌ನವು ಒಂದಷ್ಟು ಕೊಂಡೆವು. ಪ್ರಥಮ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಬೇಕಾದಷ್ಟಿವೆ. ಅವನ್ನು ಯಾರು ಬೇಕಾದರೂ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಪರಿಚಯದ ಪ್ರೆಸ್‌ನಲ್ಲಿ ಬಣ್ಣದಲ್ಲೇ ಹಾಕಿಸಿ, ನಡುವೆ ಪಿನ್ ಹೊಡೆಸಿ, ರಟ್ಟಿನ ಪೆಟ್ಟಿಗೆಗಳಿಗೆ ತುಂಬಿದೆವು.

ಮಾನಂದವಾಡಿ ರಸ್ತೆ ಹಿಡಿದು ಜಯಪುರ, ಹಂಪಾಪುರ ದಾಟಿ ಹ್ಯಾಂಡ್‌ಪೋಸ್ಟ್‌ನಲ್ಲಿ ಇಡ್ಲಿ ವಡೆ. ಜೀಪಿನಲ್ಲಿ ಒಬ್ಬರು ಕೊಲಂಬಿಯಾದ ಮೇಷ್ಟ್ರ ವಿಷಯ ತೆಗೆದರು. ಲಾ ಗ್ಲೋರಿಯಾ ಅನ್ನೋ ಊರಿನ ಲೂಯಿಸ್ ಸೊರಿಯಾನೊ. ಮಕ್ಕಳ ಮನೆಗಳಲ್ಲಿ ಓದಲು ಒಂದು ಪುಸ್ತಕವೂ ಇಲ್ಲ ಎಂದು ಕಂಡು, ಆಲ್ಫಾ, ಬೆಟೊ ಎಂಬ ಎರಡು ಕತ್ತೆಗಳ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿ ಸುತ್ತಿದವರು. ಅವರು ಪುಸ್ತಕ ಕೊಟ್ಟು ಸುಮ್ನೆ ಹೊರಟು ಬಿಡುತ್ತಿರಲಿಲ್ಲ. ಕೂತು ಓದಿಸುತ್ತಿದ್ದರು, ಮತ್ತೆ ಬರುತ್ತಿದ್ದರು. ನನಗೆ ಮನಸ್ಸಿನಲ್ಲಿ ಉಳಿದದ್ದು ಆ 'ಮತ್ತೆ ಬರುತ್ತಿದ್ದರು'. ಈ ಕಡೆಗೆ ಮೈಸೂರಿಗರು ಬಂದು ನೆಲೆ ನಿಂತ ಉದಾಹರಣೆಯೂ ಇದೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇಲ್ಲಿನ ಹಾಡಿಗಳ ಮಕ್ಕಳಿಗಾಗಿ ಹೊಸಹಳ್ಳಿಯಲ್ಲಿ ಶಾಲೆಯನ್ನೇ ನಡೆಸುತ್ತಿದೆ.

ಅಂತರಸಂತೆ ದಾಟಿದರೆ ನಾಗರಹೊಳೆ ಕಾಡು. ಅನುಮತಿ ಪತ್ರ ಮೊದಲೇ ಮಾಡಿಸಿದ್ದರಿಂದ ಚೆಕ್‌ಪೋಸ್ಟ್‌ನಲ್ಲಿ ತಡವಾಗಲಿಲ್ಲ. ಈ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಚಿನ್ನದ ಅಂಬಾರಿಯನ್ನು 8 ಸಲ ಹೊತ್ತ ಅರ್ಜುನ ಇದ್ದದ್ದು ಈ ದಾರಿಯ ಬಳ್ಳೆ ಆನೆ ಶಿಬಿರದಲ್ಲೇ. 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯಲು ಹೋದವನು ವಾಪಸ್ ಬರಲಿಲ್ಲ. ಬಳ್ಳೆ ಬಂದಾಗ ಜೀಪಿನಲ್ಲಿ ಎಲ್ಲರೂ ಅವನ ಮಾತೇ ಆಡಿದೆವು.

ಹಾಡಿಯಲ್ಲಿ ಹೆಚ್ಚಿನವರು ಜೇನುಕುರುಬರು. ಮನೆಯಲ್ಲಿ ಆಡುವುದು ಜೇನುಕುರುಬ ನುಡಿ, ಶಾಲೆಯಲ್ಲಿ ಓದುವುದು ನಮ್ಮ ಪುಸ್ತಕದ ಕನ್ನಡ. ಒಂದನೇ ತರಗತಿಗೆ ಬರುವ ಮಗುವಿಗೆ ಇದೇ ಮೊದಲ ಏರು. ಇದರ ಅರಿವು ನಮಗೆ ಚೆನ್ನಾಗಿ ಆದದ್ದು ಒಂದು ಜಗಲಿಯ ಮೇಲೆ. ಟೆಂಟ್ ಶಾಲೆಯ ಆ ಹುಡುಗಿ ಅಕ್ಷರದ ಕೆಳಗೆ ಬೆರಳಿಟ್ಟು ಒಂದು ಸಾಲು ಕನ್ನಡದಲ್ಲಿ ಓದುವಳು. ಪಕ್ಕದಲ್ಲಿದ್ದ ಅಜ್ಜಿಗೆ ಅದನ್ನೇ ತಮ್ಮ ಮಾತಿನಲ್ಲಿ ಹೇಳುವಳು. ಅಜ್ಜಿ ನಡುವೆ ಏನೋ ಕೇಳಿ ಜಗಳ ತೆಗೆಯುವರು. ಹುಡುಗಿ ಹಿಂದಿನ ಪುಟ ತಿರುವಿ ಚಿತ್ರ ತೋರಿಸುವಳು. ಎಂಟು ಪುಟದ ಕಥೆಗೆ ಅರ್ಧ ಗಂಟೆ ಹಿಡಿಯಿತು. ಇಷ್ಟು ಚೆನ್ನಾಗಿ ಓದಿದ ಪುಸ್ತಕವನ್ನು ನಾನು ಮೈಸೂರಿನಲ್ಲೂ ಕಂಡಿಲ್ಲ.

ಶಾಲೆಯ ಅಂಗಳದಲ್ಲಿ ಇನ್ನೊಂದು ಗುಂಪು. ಕಾವಾಡಿಯೊಬ್ಬರ ಮಗ ಆನೆಯ ಕಥೆ ತೆರೆದವನು ಮುಖ ಗಂಟು ಹಾಕಿಕೊಂಡ. "ಅಣ್ಣಾ, ಇದು ಮರಿಗೆ ಹಾಲು ಕೊಡ್ತಿದೆ ಅಲ್ವಾ? ಹಂಗಾದ್ರೆ ಇಷ್ಟುದ್ದ ದಂತ ಯಾಕೆ? ನಮ್ ಹೆಣ್ಣಾನೆಗೆ ಇಂಥ ದಂತ ಇರಲ್ಲ." ಅವನು ಹೇಳಿದ್ದು ಸರಿ. ನಮ್ಮ ಕಾಡಿನ ಹೆಣ್ಣಾನೆಗಳಿಗೆ ಹೊರಚಾಚಿದ ದಂತ ಇರುವುದಿಲ್ಲ. ಆಫ್ರಿಕಾದ ಹೆಣ್ಣಾನೆಗಳಿಗೆ ಇರುತ್ತದೆ. ಪೆನ್ಸಿಲ್ ಕೊಟ್ಟು ನೀನೇ ಬರಿ ಅಂದೆವು. ಕಿವಿಯ ಅಂಚಿನ ಹರಕು, ಕಾಲುಗುರು, ಕಾಲಿನ ಸರಪಳಿ ಎಲ್ಲ ಬಿಡದೆ ಬರೆದ. ಆ ಹಾಳೆಯನ್ನು ಅದೇ ಪುಟಕ್ಕೆ ಅಂಟಿಸಿದೆವು. ಕೆಳಗೆ ತನ್ನ ಹೆಸರನ್ನೂ ಬರೆದುಕೊಂಡ.

ಪುಸ್ತಕ ಕೊಡುವವರಿಗೆ ನಾನು ಕೈಮುಗಿದು ಕೇಳುವುದು ಒಂದೇ. ಬೀರುವಿನಲ್ಲಿಟ್ಟು ಬೀಗ ಹಾಕುವಂತೆ ಕೊಡಬೇಡಿ. ಬೇರೊಂದು ಕಡೆಯ ಶಾಲೆಯಲ್ಲಿ, ಯಾರೋ ಪ್ರೀತಿಯಿಂದ ಕೊಟ್ಟ ಚಂದದ ಪುಸ್ತಕಗಳು ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದ್ದದ್ದನ್ನು ನೋಡಿದ್ದೇನೆ. ಹರಿದರೆ, ಕಳೆದರೆ ಲೆಕ್ಕ ಕೊಡಬೇಕಲ್ಲ ಅನ್ನೋ ಭಯ ಅಲ್ಲಿಯ ಮೇಷ್ಟ್ರಿಗೆ. ಅದಕ್ಕೇ ಈ ಸಲ, ಹರಿದದ್ದಕ್ಕೂ ಕಳೆದದ್ದಕ್ಕೂ ಲೆಕ್ಕ ಬೇಡ ಎಂದು ಬರೆದು, ಎಲ್ಲರೂ ಸಹಿ ಹಾಕಿ ಕೊಟ್ಟೆವು. ಮೇಷ್ಟ್ರು ಆ ಹಾಳೆಯನ್ನು ಜೋಪಾನವಾಗಿ ಫೈಲಿಗೆ ಸೇರಿಸಿಕೊಂಡರು. ಪುಸ್ತಕಗಳನ್ನು ಕಿಟಕಿ ಪಕ್ಕ ಹಗ್ಗ ಕಟ್ಟಿ, ಮಕ್ಕಳ ಕೈಗೆ ಎಟುಕುವಂತೆ ನೇತು ಹಾಕಿದೆವು.

ಊಟ ಮಾಡುವಾಗ ಮೇಷ್ಟ್ರು ಇನ್ನೊಂದು ಕಷ್ಟ ಹೇಳಿದರು. ಡಿಸೆಂಬರ್ ಹೊತ್ತಿಗೆ ಕೊಡಗಿನಲ್ಲಿ ಕಾಫಿ ಕೊಯ್ಲು. ಅಪ್ಪ ಅಮ್ಮ ಕೂಲಿಗೆ ಹೊರಟರೆ ಮಕ್ಕಳೂ ಜೊತೆಗೆ ಹೋಗುತ್ತಾರೆ, ವಾರಗಟ್ಟಲೆ ತೋಟದ ಕೂಲಿಯವರ ಸಾಲು ಮನೆಗಳಲ್ಲಿ, ಅಂದರೆ ಲೈನ್ ಮನೆಯಲ್ಲೇ ಇರುತ್ತಾರೆ. ವಾಪಸ್ ಬರುವಷ್ಟರಲ್ಲಿ ಕಲಿತದ್ದು ಮರೆತಿರುತ್ತದೆ. ಹೊರಡುವ ಪ್ರತಿ ಮಗುವಿನ ಚೀಲಕ್ಕೂ ಎರಡು ಪುಸ್ತಕ ಹಾಕಿ ಕಳಿಸೋಣ ಎಂದು ಅಲ್ಲೇ ಮಾತಾಯಿತು. ಯಾವ ಮನೆಯವರು ಯಾವ ತೋಟಕ್ಕೆ ಹೋಗುತ್ತಾರೆ ಅನ್ನೋ ಪಟ್ಟಿಯನ್ನು ಮೇಷ್ಟ್ರು ಕಳಿಸಿಕೊಡುತ್ತಾರೆ. ತೋಟದವರ ಒಪ್ಪಿಗೆ ಕೇಳುವ ಕೆಲಸ ನಮ್ಮದು. ಜನವರಿಯಲ್ಲಿ ಒಂದು ಭಾನುವಾರ ಲೈನ್ ಮನೆಗಳಿಗೆ ಹೋಗಿ, ಓದಿ ಮುಗಿಸಿದ್ದನ್ನು ಬದಲಿಸಿ ಕೊಟ್ಟು ಬರಬೇಕು. ಅಜ್ಜಿಯರಿಗೆ ಓದಿ ಹೇಳಲು ಸ್ವಲ್ಪ ಉದ್ದದ ಕಥೆಗಳು ಬೇಕಂತೆ, ಪ್ರೆಸ್‌ನವರಿಗೆ ಈಗಲೇ ಹೇಳಿಟ್ಟಿದ್ದೇವೆ.